ನೋವಿಗೆ ನಾನು ಕೂಗಿದ ಬೆಲೆ

ಬಲಗೈಯನ್ನು ತಲೆಯ ಮೇಲಕ್ಕೆ ಎತ್ತುವುದಕ್ಕೆ ನನಗೆ ತಗುಲಿದ ಖರ್ಚು ಒಂಬತ್ತು ಸಾವಿರ ರೂಪಾಯಿ. ಅದರಲ್ಲಿ ಅರ್ಧ ಭುಜಕ್ಕೆ, ಇನ್ನರ್ಧ ನನ್ನ ಜಾಣತನಕ್ಕೆ. ಚೌಕಾಸಿ ಮಾಡದೆ ಕೊತ್ತಂಬರಿ ಕಟ್ಟನ್ನೂ ಮುಟ್ಟದ ನಾನು ಇಷ್ಟು ತೆತ್ತೆನೆಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನೀವಾದರೂ ಅರ್ಧದಲ್ಲೇ ಮುಗಿಸಿಕೊಳ್ಳಿ ಎಂದು ಇದನ್ನು ಬರೆಯುತ್ತಿದ್ದೇನೆ.

ಶಿಡ್ಲಘಟ್ಟದಲ್ಲಿ ನನ್ನದೊಂದು ರೇಷ್ಮೆ ನೂಲು ತೆಗೆಯುವ ಘಟಕವಿದೆ. ಬೇರೆಯವರ ಚರಕ ತಿರುಗಿಸುತ್ತಿದ್ದವನು ಗೂಡು ಬೇಯಿಸುವ ಸ್ವಂತ ಒಲೆ ಹೂಡಿದ್ದು ಈ ಬಲಗೈಯಿಂದಲೇ. ಮಾರುಕಟ್ಟೆಯಲ್ಲಿ ಗೂಡು ಸುರಿದಿರುತ್ತಾರಲ್ಲ, ಮೇಲಿನವು ಹೆಣ್ಣು ನೋಡಲು ಬಂದ ಗಂಡಿನ ಹಾಗೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ರಾಶಿಯ ತಳಕ್ಕೆ ಕೈ ಇಳಿಸಿ, ಹಿಡಿ ಗೂಡು ತೆಗೆದು, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿದರೇ ನಿಜ ತಿಳಿಯುವುದು. ಹೀಗಿರುವಾಗ ಒಂದು ಬೆಳಗ್ಗೆ ಭುಜ ಹಿಡಿದುಕೊಂಡಿತು. ಅಂಗಿಯ ತೋಳಿಗೆ ಕೈ ತೂರಿಸುವುದೇ ಕಷ್ಟವಾದ ಮೇಲೆ ಗೂಡಿನ ರಾಶಿಗೆ ತೂರಿಸುವುದೆಲ್ಲಿ? ಎಡಗೈ ಇತ್ತಲ್ಲ ಎನ್ನಬೇಡಿ. ನನ್ನ ಎಡಗೈಗೆ ಗೂಡಿನ ಪರಿಚಯವೇ ಇಲ್ಲ. ಅದನ್ನು ನಂಬಿ ತಂದ ಲಾಟು ಬಿಸಿನೀರಿಗೆ ಬಿದ್ದೊಡನೆ ಎಳೆ ಮಾರಿಗೊಂದು ಕಡೆ ತುಂಡಾಗತೊಡಗಿತು. ಘಟಕ ನೋಡಿಕೊಳ್ಳುವ ನನ್ನ ಹೆಂಡತಿ ಸರೋಜ ಸೊಂಟದ ಮೇಲೆ ಕೈಯಿಟ್ಟು, “ಇಂಥವು ಇನ್ನೆರಡು ಲಾಟು ತನ್ನಿ, ಒಲೆ ಆರ್ಸಿ ಬೀಗ ಹಾಕ್ಕೊಂಡು ಆರಾಮಾಗಿರಣ” ಎಂದಳು. ಆರಾಮಾಗಿರುವ ಯೋಚನೆ ನನಗಿರಲಿಲ್ಲ. ಕೈ ಎತ್ತಲೇಬೇಕು ಎಂದು ಆವತ್ತೇ ನಿರ್ಧರಿಸಿದೆ.

ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ಕೀಲು ಬಿಗಿದಿದೆ, ನಿಧಾನವಾಗಿ ಸಡಿಲವಾಗುತ್ತದೆ ಎಂದರು. ನಿಧಾನ ಎಂಬ ಮಾತು ನನಗೆ ಒಗ್ಗುವುದಿಲ್ಲ. ಮೊದಲು ಸಾದಲಿಯ ವೆಂಕಟರವಣಪ್ಪನ ಹತ್ತಿರ ಹೋದೆ. ತಂದೆಯ ಕಾಲದಿಂದ ಎಣ್ಣೆ ತಿಕ್ಕುವ ಮನೆತನ. ಕಾಯಿಸಿದ ಎಳ್ಳೆಣ್ಣೆಯನ್ನು ಕುತ್ತಿಗೆಯಿಂದ ಬೆರಳ ತುದಿಯವರೆಗೆ ಅವನು ಇಳಿಸುತ್ತಾ ಬಂದರೆ, ಇಷ್ಟು ವರ್ಷ ಈ ಮೈಯನ್ನು ಬರೀ ಹೊತ್ತು ತಿರುಗಿದೆನಲ್ಲಾ ಎನ್ನಿಸಿತು. ಹಾಗೇ ಗೊರಕೆ ಹೊಡೆದೆನಂತೆ. ಎದ್ದವನೇ ಅಭ್ಯಾಸಬಲದಿಂದ ಶುರುಮಾಡಿದೆ: “ಅರ್ಧ ಹೊತ್ತು ನಿದ್ದೇಲಿದ್ದೆ ರವಣಪ್ಪ, ನೀನು ತಿಕ್ಕಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ರೇಟು ಇಳಿಸು.”

“ನಿದ್ದೆಗೆ ಬೇರೆ ಕಾಸು ಕೇಳ್ಬೇಕಾಗಿತ್ತಣ್ಣ, ಮರ್ತೋದೆ” ಎಂದ ಅವನು.

ಮೈಯೆಲ್ಲ ಹೂವಾಯಿತು, ಭುಜ ಮಾತ್ರ ಇದ್ದಲ್ಲೇ ಇತ್ತು. ಆಗ ಯಾರೋ ಹೇಳಿದರು, ಚಿಕ್ಕಬಳ್ಳಾಪುರದಲ್ಲಿ ಪವನ್ ಎಂಬ ಹುಡುಗ ಫಿಸಿಯೋಥೆರಪಿ ಓದಿಕೊಂಡು ಬಂದಿದ್ದಾನೆ, ಎಣ್ಣೆ ಸವರುವುದಲ್ಲ, ಒಳಗಿನ ಗಂಟನ್ನೇ ಹುಡುಕಿ ಒತ್ತುತ್ತಾನೆ ಎಂದು. ಕೊಡುವ ಅದೇ ಕಾಸಿಗೆ ಹೆಚ್ಚು ಆಳಕ್ಕೆ ಹೋಗುವುದಾದರೆ ಲಾಭವಲ್ಲವೇ? ಹೋದೆ. ವಾರಕ್ಕೆರಡು ಸಲದಂತೆ ಎರಡು ತಿಂಗಳು ಬರಬೇಕು ಎಂದ.

“ಅಷ್ಟೆಲ್ಲ ಯಾಕಪ್ಪಾ? ಒತ್ತೋದನ್ನೆಲ್ಲ ಎರಡೇ ಸಲಕ್ಕೆ ಒತ್ತಿ ಕಳ್ಸು. ಒಟ್ಟಿಗೆ ಕೊಡ್ತೀನಿ, ಸ್ವಲ್ಪ ಬಿಟ್ಕೊಡು.”

“ಸರ್, ಭುಜ ಹೋಲ್‌ಸೇಲಲ್ಲಿ ಬಿಡಲ್ಲ” ಎಂದು ನಕ್ಕು ಹಾಸಿಗೆಯ ಮೇಲೆ ಮಲಗಿಸಿದ. ಹೆಗಲ ಹಿಂದೆ ಹೆಬ್ಬೆರಳು ಊರಿ, “ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೇಳಿ” ಎಂದು ಕೇಳಿದ. ಇಲ್ಲೇ ನಾನು ಕೆಟ್ಟದ್ದು. ಇಪ್ಪತ್ತು ವರ್ಷ ಹರಾಜಿನಲ್ಲಿ ನಿಂತವನು ನಾನು. ಯಾರಾದರೂ ಎಷ್ಟು ಎಂದು ಕೇಳಿದರೆ ಮೊದಲ ಬಾಯಿಗೇ ಎಂಟು ಎಂದುಬಿಡುತ್ತೇನೆಯೇ? ಕಣ್ಣಲ್ಲಿ ನೀರು ತುಂಬಿದ್ದರೂ ಮುಖ ಅಲ್ಲಾಡಿಸದೆ “ಎರಡು” ಎಂದೆ. ಅವನು ಇನ್ನಷ್ಟು ಊರಿದ. “ಈಗ?” ಜೀವ ಬಾಯಿಗೆ ಬಂದಿತ್ತು. “ಎರಡೂವರೆ.” ಪಾಪ, ಹೇಳಿದ್ದನ್ನು ನಂಬುವ ಹುಡುಗ. ಹೆಬ್ಬೆರಳು ಬಿಟ್ಟು ಮೊಣಕೈಯನ್ನೇ ಊರಿದ.

ಮಾರನೆಯ ದಿನ ಕಾಫಿ ಲೋಟ ಎತ್ತಲಾಗಲಿಲ್ಲ. ಮುದ್ದೆ ಮುರಿದು ಬಾಯಿಗಿಡುತ್ತಾ ಸರೋಜ ವಿಚಾರಣೆ ನಡೆಸಿದಳು.

“ಎರಡೂವರೆ ಅಂದ್ರಾ? ಮನೇಲಿ ಹನ್ನೆರಡು ಅಂತ ಬೀದಿಗೆಲ್ಲ ಕೇಳೋ ಹಂಗೆ ಕಿರುಚ್ತಿದ್ದೀರಿ!”

“ಮೊದ್ಲೇ ಜಾಸ್ತಿ ಹೇಳಿದ್ರೆ ಅವ್ನು ಇನ್ನೂ ನಾಲ್ಕು ತಿಂಗ್ಳು ಬನ್ನಿ ಅಂತಿದ್ದ ಕಣೇ.”

“ಅವ್ನೇನು ನಿಮ್ಮ ನೋವು ಕೊಂಡ್ಕೊಳ್ಳೋಕೆ ಕೂತಿದ್ನಾ?”

ನಾನು ಮುಂದಿನ ತುತ್ತಿಗೆ ಬಾಯಿ ತೆರೆದೆ. ಊತ ಇಳಿಯುವವರೆಗೆ ಮನೆಯಲ್ಲೇ ಕೂತೆ. ಅಷ್ಟು ದಿನವೂ ಒಲೆಗಳಲ್ಲಿ ಅರ್ಧವೇ ಉರಿದವು, ನಾಲ್ಕೂವರೆ ಸಾವಿರ ಅದರಲ್ಲೇ ಹೋಯಿತು. ಮುಂದಿನ ಸಲ ಸರೋಜ ಜೊತೆಗೇ ಬಂದು ಸ್ಟೂಲು ಎಳೆದುಕೊಂಡು ಕೂತಳು. ಪವನ್ ಕೇಳಿದ, ನಾನು “ಮೂರು” ಎಂದೆ. ಅವಳು, “ಏಳು ಕಣಪ್ಪ. ಆ ಕಾಲ್ಬೆರಳು ನೋಡು, ಹೆಂಗೆ ಮಡಚ್ಕೊಂಡವೆ” ಎಂದಳು. ಹುಡುಗ ಕೈ ಸಡಿಲಿಸಿದ. ಕೆಲವು ವಾರ ನನ್ನ ನೋವಿನ ಬೆಲೆಯನ್ನು ಅವಳೇ ಕೂಗಿದಳು. ಆಮೇಲೆ ನಾನೂ ಕಲಿತೆ. “ಆರು! ಅಯ್ಯಪ್ಪಾ, ಎಂಟು! ಹಾಂ, ಈಗ ನಾಲ್ಕು” ಎಂದು ಇದ್ದದ್ದು ಇದ್ದಂತೆ ಹೇಳತೊಡಗಿದೆ. ಮನೆಯಲ್ಲಿ ಬೆಳಗ್ಗೆ ಸಂಜೆ ಬಾಗಿಲ ಮೇಲೆ ಟವೆಲ್ ಹಾಕಿ ಜಗ್ಗಿದೆ, ಗೋಡೆಯ ಮೇಲೆ ಬೆರಳು ನಡೆಸಿದೆ. ಒಂದು ದಿನ ಕೈ ಅಟ್ಟದ ಮೇಲಿನ ಡಬ್ಬಿಗೆ ತಾಗಿತು. ಸರೋಜ ಡಬ್ಬಿಯನ್ನು ಇನ್ನೂ ಮೇಲಕ್ಕಿಟ್ಟಳು.

ಆ ವಾರವೇ ಮಾರುಕಟ್ಟೆಗೆ ಹೋಗಿ, ಮುಂಗೈ ಮುಳುಗುವಂತೆ ರಾಶಿಯೊಳಗೆ ಬಲಗೈ ಇಳಿಸಿದೆ. ತಳದಲ್ಲೂ ಅದೇ ಗೂಡು! ದಪ್ಪ, ಗಟ್ಟಿ, ಒಣಗಿದ್ದು. ನನಗರಿವಿಲ್ಲದೆ ಬಾಯಿಂದ ಹೊರಬಿತ್ತು: “ಆಹಾ, ಹತ್ತಕ್ಕೆ ಒಂಬತ್ತು!” ಗೂಡಿನ ರೈತ ಕಣ್ಣರಳಿಸಿದ. ಈಗ ಹರಾಜೆಲ್ಲ ಮೊಬೈಲಿನಲ್ಲೇ; ಎಂದಿನಂತೆ ಅದರಲ್ಲಿ ಕಡಿಮೆ ಬೆಲೆ ಒತ್ತಿದರೆ ಅವನು ಒಪ್ಪಲೇ ಇಲ್ಲ. “ಬಾಯಲ್ಲಿ ಒಂಬತ್ತು ಅಂತೀರಿ, ಫೋನಲ್ಲಿ ಐದರ ರೇಟು ಹಾಕ್ತೀರಲ್ಲಣ್ಣಾ” ಎಂದ. ಎರಡನೆಯ ಸುತ್ತಿನಲ್ಲಿ ಏರಿಸಿಯೇ ಕೊಂಡೆ. ಆದರೂ ಒಲೆಗಳೆಲ್ಲ ಉರಿದವು, ಎಳೆ ತುಂಡಾಗದೆ ಓಡಿತು.

ಆದ್ದರಿಂದ ನನ್ನ ಮಾತು ಕೇಳಿ. ಮೈ ದಣಿದಿದ್ದರೆ ಎಣ್ಣೆಯವನ ಹತ್ತಿರ ಹೋಗಿ, ಧಾರಾಳವಾಗಿ ನಿದ್ದೆ ಮಾಡಿ. ಕೀಲು ಬಿಗಿದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಓದಿಕೊಂಡು ಒತ್ತುವವನ ಹತ್ತಿರ ಹೋಗಿ. ಒಂದೇ ಸಲಕ್ಕೆ ಮುಗಿಸುತ್ತೇನೆ ಎನ್ನುವವನನ್ನು ನಂಬಬೇಡಿ. ಚೌಕಾಸಿಯನ್ನು ನಿಂತಿರುವಾಗಲೇ ಮುಗಿಸಿ. ಬೋರಲು ಮಲಗಿದ ಮೇಲೆ ನಿಜವಾದ ನಂಬರನ್ನೇ ಕೂಗಿ. ಅಲ್ಲಿಂದ ನೇರವಾಗಿ ವ್ಯಾಪಾರಕ್ಕೆ ಹೋಗುವವರಿದ್ದರೆ ಮಾತ್ರ ದೊಡ್ಡದೊಂದು ಎಲೆ ಅಡಿಕೆ ಬಾಯಿಗೆ ತುರುಕಿಕೊಳ್ಳಿ. ನನಗೆ ಈಗ ದಿನಾ ಸರೋಜಳೇ ಮಡಚಿ ಕೊಡುತ್ತಾಳೆ, ಬಾಯಿ ಬಿಡಲಾಗದಷ್ಟು ದಪ್ಪಕ್ಕೆ.