ಸಸ್ಯಾಹಾರಿಯ ಗಾಳ

ಗಾಳ ಹಾಕಿ ಕೂತವನಿಗೆ ಮೀನೊಂದು ಬಿಟ್ಟು ಬೇರೆಲ್ಲ ಸಿಗುತ್ತದೆ. ಮೂರು ವರ್ಷದಿಂದ ಪ್ರತಿ ಶನಿವಾರ ನನಗೆ ಏನಾದರೊಂದು ಸಿಗುತ್ತಲೇ ಇದೆ, ಅದನ್ನು ಹೇಳಿಕೊಳ್ಳದಿದ್ದರೆ ಊಟ ಸೇರುವುದಿಲ್ಲ.

ಮೂವತ್ತು ವರ್ಷ ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷೆ ಮಾಡಿ ನಿವೃತ್ತನಾದವನು ನಾನು. ಬಿ.ಪಿ. ನೋಡಿದ ಡಾಕ್ಟರು, "ಸ್ವಲ್ಪ ಸುಮ್ಮನೆ ಕೂರೋದು ಕಲೀರಿ" ಎಂದರು. ಅಮೆರಿಕದ ಈ ಡಬ್ಲಿನ್ನಿನ ನಮ್ಮ ಬೀದಿಯಲ್ಲೇ ಎರಡು ಮನೆ ಆಚೆ ಮಂಡ್ಯದ ಗೆಳೆಯರೊಬ್ಬರಿದ್ದಾರೆ. ಅವರೂ ರಿಟೈರಾದವರೇ, ಚಿಕ್ಕಂದಿನಲ್ಲಿ ನಾಲೆ ಏರಿಯ ಮೇಲೆ ಕೂತು ಬಿದಿರುಕಡ್ಡಿಗೆ ದಾರ ಕಟ್ಟಿ ಮೀನು ಹಿಡಿದವರು. "ಬನ್ನಿ ಸ್ವಾಮಿ, ಹೊಳೆ ದಡದಲ್ಲಿ ಕುಂತ್ಕಳವ. ಬಿ.ಪಿ. ತಾನಾಗೇ ಇಳಿತದೆ" ಎಂದರು. ಗಾಳಿಯಂತ್ರಗಳ ಗುಡ್ಡ ದಾಟಿದರೆ ಡೆಲ್ಟಾದ ಹೊಳೆಗಳು, ಅವುಗಳ ತುಂಬ ಕೊಬ್ಬಿದ ಗೆಂಡೆಮೀನು. ಶುರುವಾಯಿತು.

ನನ್ನಾಕೆ ಮೈಸೂರಿನವಳು, ಶುದ್ಧ ಸಸ್ಯಾಹಾರಿ. ಮೊದಲೇ ಎರಡು ಷರತ್ತು ಹಾಕಿದಳು. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಡಬೇಕು. ಹುಳ ಹುಪ್ಪಟೆ ನಮ್ಮ ಫ್ರಿಜ್ಜಿಗೆ ಬರಕೂಡದು. ಒಪ್ಪಿದೆ. ಈ ವರ್ಷ ಆಷಾಢದಲ್ಲಿ ಮೂರನೆಯದೂ ಬಂತು.

"ರೀ, ಗ್ಯಾರೇಜಿನ ಆ ಮೂಲೆ ತುಂಬ ನಿಮ್ಮ ಕೋಲು, ನಿಮ್ಮ ಪೆಟ್ಟಿಗೆ. ನಮ್ಮಮ್ಮ ಕೊಟ್ಟ ದಸರಾ ಗೊಂಬೆಗಳು ಮಂಚದ ಕೆಳಗೆ ಧೂಳು ತಿಂತಾ ಬಿದ್ದಿವೆ. ನವರಾತ್ರಿಯೊಳಗೆ ಆ ಕೋಲಿಗೆ ಒಂದೇ ಒಂದು ಮೀನು ಬೀಳಲಿ, ಮೂಲೆ ನಿಮ್ಮದು. ಬೀಳಲಿಲ್ವಾ, ಕೋಲೆಲ್ಲ ಯಾರಿಗಾದ್ರೂ ಕೊಟ್ಟುಬಿಡಿ. ಮೂಲೆ ಗೊಂಬೆಗೆ."

ಮೂರು ವರ್ಷದಲ್ಲಿ ಎಷ್ಟು ಮೀನು ಬಿದ್ದಿತ್ತು ಎಂದು ಕೇಳುತ್ತೀರಾ? ಕೇಳಬೇಡಿ.

ಮೀನಿಗೆ ಪಥ್ಯ

ಗಾಳದ ಸಾಮಾನಿನ ಅಂಗಡಿಗೆ ಮೊದಲ ಸಲ ಹೋದಾಗಿನ ಮಾತು. ಅಂಗಡಿಯವನು ದಪ್ಪ ಮೀಸೆಯ ಅಮೆರಿಕನ್. ಫ್ರಿಜ್ಜಿನ ಬಾಗಿಲು ತೆರೆದು ಒಂದು ಡಬ್ಬದ ಮುಚ್ಚಳ ಎತ್ತಿ ತೋರಿಸಿದ. ಒಳಗೆ ಕರಿಮಣ್ಣು, ಮಣ್ಣಿನೊಳಗೆ ಬೆರಳು ಗಾತ್ರದ ಎರೆಹುಳುಗಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಇದು ಬೇಡ. ಸಸ್ಯಾಹಾರಿದು ಏನಾದರೂ ಇದೆಯಾ?" ಎಂದೆ.

"ಇದನ್ನು ತಿನ್ನೋದು ನೀವಲ್ಲ, ಮೀನು" ಎಂದು ನಿಧಾನವಾಗಿ ತಿಳಿಸಿ ಹೇಳಿದ.

"ಗೊತ್ತು. ಆದರೆ ನಮ್ಮ ಮನೆ ಫ್ರಿಜ್ಜಿನಲ್ಲಿ ಇಡೋ ಹಾಗಿಲ್ಲ."

ಅವನು ಸ್ವಲ್ಪ ಹೊತ್ತು ಮೀಸೆ ತಿರುವಿದ. ಸಿಹಿಜೋಳದ ಒಂದು ಡಬ್ಬ ಕೌಂಟರಿನ ಮೇಲಿಟ್ಟು, ಪಕ್ಕದಲ್ಲಿದ್ದ ಗೆಳೆಯರನ್ನು ಮೆಲ್ಲಗೆ ವಿಚಾರಿಸಿದ. "ಮೀನು ಸಿಕ್ಕಿದ ಮೇಲೆ ಏನು ಮಾಡ್ತಾರೆ ಇವರು?"

ಗೆಳೆಯರು ಇಂಗ್ಲಿಷಿನಲ್ಲೇ ಹೇಳಿದರು: "ಊಟ ಹಾಕಿ ಕಳಿಸ್ತಾರೆ."

ತಂಬಿಟ್ಟು

ಜೋಳ ಫಲಿಸಲಿಲ್ಲ. ಗೆಳೆಯರು ರಾಗಿಮುದ್ದೆಯ ದಾರಿ ತೋರಿಸಿದರು. ಕಾವೇರಿ ಹೊಳೆಯಲ್ಲಿ ದೊಡ್ಡ ಮೀನಿಗೆ ಹಾಕುವುದು ಅದೇ ಎರೆಯಂತೆ. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ತಿಂಡಿ. ನಾನು ಸುಮ್ಮನಿರುತ್ತೇನೆಯೇ? ರಾಗಿಹಿಟ್ಟಿಗೆ ಬೆಲ್ಲ, ಕಡಲೆಕಾಯಿ ಪುಡಿ, ಸೋಂಪು ಸೇರಿಸಿ, ಉಂಡೆ ಕಟ್ಟಿ ಬೇಯಿಸಿ ಒಣಗಿಸಿದೆ. ಒಂದೊಂದನ್ನೂ ನೀರಿನ ಲೋಟದಲ್ಲಿ ಹಾಕಿ ಪರೀಕ್ಷೆ ಮಾಡಿದೆ. ಕರಗಿದ್ದು ಫೇಲು. ಇಡೀ ದಿನ ನೀರಲ್ಲಿ ಬಿದ್ದಿದ್ದರೂ ಅಲುಗದೆ ಉಳಿದದ್ದು ಪಾಸು. ಪಾಸಾದ ಉಂಡೆಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಷರತ್ತು ಮುರಿದಿಲ್ಲ, ಒಳಗೆ ಹುಳ ಇಲ್ಲವಲ್ಲ.

ಆ ಶನಿವಾರ ನಾವು ಹೊಳೆ ಕಡೆ ಹೋಗಿದ್ದಾಗ ಮನೆಯಲ್ಲಿ ಭಜನೆ. ಶನಿವಾರದ ಭಜನೆ ಎಂದರೆ ನನ್ನಾಕೆಗೂ ಅವಳ ಗೆಳತಿಯರಿಗೂ ಹಬ್ಬವಿದ್ದ ಹಾಗೆ. ಮೊಸರು ತರಲು ಫ್ರಿಜ್ಜು ತೆರೆದ ಒಬ್ಬ ಹಿರಿಯಾಕೆ ನನ್ನ ಡಬ್ಬಿಯನ್ನೂ ಕಂಡಿದ್ದಾರೆ. "ಓ, ರಾಗಿ ತಂಬಿಟ್ಟು" ಎಂದು ಒಂದು ಬಾಯಿಗೆ ಹಾಕಿಕೊಂಡಿದ್ದಾರೆ. ಸಂಜೆ ನಾನು ಬಂದಾಗ ಅವರಿನ್ನೂ ಹೊರಟಿರಲಿಲ್ಲ.

"ಇದನ್ನು ಮಾಡೋ ವಿಧಾನ ಹೇಳಿ ಅಂದ್ರೆ ನಿಮ್ಮನ್ನೇ ಕೇಳಬೇಕಂತೆ" ಎಂದರು.

ಮೀನಿನ ಸುದ್ದಿ ಎತ್ತುವ ಧೈರ್ಯ ಬರಲಿಲ್ಲ. ವಿಧಾನವನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಿದೆ. ಕೊನೆಗೆ ಅಭಿಮಾನ ತಡೆಯದೆ, "ಇದರ ವಿಶೇಷ ಏನು ಅಂದರೆ, ಇಡೀ ದಿನ ನೀರಲ್ಲಿ ಹಾಕಿಟ್ಟರೂ ಕರಗಲ್ಲ" ಎಂದೂ ಸೇರಿಸಿದೆ.

"ನಿಜ" ಎಂದರು ಅವರು, ಕೆನ್ನೆ ಒತ್ತಿಕೊಳ್ಳುತ್ತ. "ಮಧ್ಯಾಹ್ನದಿಂದ ಬಾಯಲ್ಲೇ ಇದೆ."

ಕೀಂ ಕೀಂ

ಮೀನು ದಾರ ಎಳೆದ ಕೂಡಲೇ ಕೀಂ ಕೀಂ ಎನ್ನುವ ಒಂದು ಯಂತ್ರವಿದೆ. ಕೋಲನ್ನು ಅದರ ಮೇಲೆ ಒರಗಿಸಿಟ್ಟು ನಾವು ಹಾಯಾಗಿ ಕೂತಿರಬಹುದು. ಒಂದು ಸಲ ಅದನ್ನು ಗ್ಯಾರೇಜಿನಲ್ಲೇ ಕೋಲಿಗೆ ಹೊಂದಿಸಿಟ್ಟು, ಆರಿಸುವುದನ್ನು ಮರೆತಿದ್ದೆ.

ಮರುದಿನದಿಂದ ಮನೆಯಲ್ಲಿ ಎಲ್ಲೋ ಒಂದು ಕಡೆ ಕೀಂ. ಹತ್ತು ನಿಮಿಷ ಬಿಟ್ಟು ಮತ್ತೆ ಕೀಂ. ಹೊಗೆ ಅಲಾರಮ್ಮಿನ ಬ್ಯಾಟರಿ ಮುಗಿದರೆ ಹೀಗೇ ಕೂಗುತ್ತದೆ ಎಂಬುದು ಈ ದೇಶದಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತು. ನಾನು ಏಣಿ ಹಿಡಿದೆ, ನನ್ನಾಕೆ ಹತ್ತಿದಳು. ಮಲಗುವ ಕೋಣೆ, ಹಜಾರ, ಅಡುಗೆಮನೆ, ಎಲ್ಲ ಕಡೆ ಹೊಸ ಬ್ಯಾಟರಿ. ಕೂಗು ನಿಲ್ಲಲಿಲ್ಲ. ಎರಡನೇ ದಿನ ಅವಳೇ ಸದ್ದಿನ ಜಾಡು ಹಿಡಿದು ಗ್ಯಾರೇಜಿಗೆ ಹೋದಳು. ಬಾಗಿಲ ಸಂದಿಯಿಂದ ಗಾಳಿ ಬಂದಾಗಲೆಲ್ಲ ದಾರ ಅಲುಗಿ ನನ್ನ ಯಂತ್ರ ಕೂಗುತ್ತಿತ್ತು.

"ಎರಡು ದಿನ ಏಣಿ ಹತ್ತಿಸಿದ್ರಲ್ಲ ನನ್ನ. ನಿಮ್ಮದೇ ಯಂತ್ರದ ಸದ್ದು ನಿಮಗೆ ಗುರುತು ಸಿಗಲಿಲ್ವೇನ್ರೀ?"

"ಹೇಗೆ ಸಿಗಬೇಕು?" ಎಂದೆ. "ಹೊಳೆ ದಡದಲ್ಲಿ ಅದು ಒಂದು ಸಲವೂ ಕೂಗಿಲ್ಲ."

ಬಕಧ್ಯಾನ

ನಾವು ಕೂರುವ ಜಾಗದಲ್ಲಿ ಒಂದು ಬಕಪಕ್ಷಿ ಇದೆ. ಬೂದು ಬಣ್ಣ, ಎದೆಯೆತ್ತರ, ಮಾತಿಲ್ಲ ಕತೆಯಿಲ್ಲ. ನಾವು ಕುರ್ಚಿ ಬಿಡಿಸಿದ ಕೂಡಲೇ ಹತ್ತು ಹೆಜ್ಜೆ ಆಚೆ ಬಂದು ನಿಲ್ಲುತ್ತದೆ. ಬಕಧ್ಯಾನ ಎಂಬ ಮಾತನ್ನು ಅಷ್ಟು ದಿನ ಬಳಸಿದ್ದೆ, ಕಣ್ಣಾರೆ ನೋಡಿದ್ದು ಇಲ್ಲೇ. ಅಲುಗುವುದೇ ಇಲ್ಲ. ನಾನೋ, ಪಿಂಚಣಿ, ಮಂಡಿನೋವು, ಚಿಪ್ಪು ಎಂದು ಒಂದೇ ಸಮನೆ ಮಾತು.

"ಸ್ವಾಮಿ, ಒಸಿ ಆ ಅಕ್ಕಿನ ನೋಡಿ ಕಲೀರಿ" ಎಂದರು ಗೆಳೆಯರು.

ಅಂದು ಹಟ ಹಿಡಿದು ಬಾಯಿ ಮುಚ್ಚಿ ಕೂತೆ. ಎರಡು ಗಂಟೆಯಲ್ಲಿ ಬಕ ಮೂರು ಮೀನು ನುಂಗಿತು. ಮೂರನೆಯದನ್ನು ನುಂಗುವಾಗ ಕತ್ತು ತಿರುಗಿಸಿ ನಮ್ಮನ್ನು ನೋಡಿತು ಎಂಬುದು ನನ್ನ ಬಲವಾದ ಅನುಮಾನ. ಗೆಳೆಯರು ದೊಡ್ಡ ನಿಟ್ಟುಸಿರು ಬಿಟ್ಟರು.

"ಇಲ್ಲಿರೋ ಮೂವರಲ್ಲಿ ಲೈಸೆನ್ಸು ಇಲ್ದಿರೋನು ಅವನೊಬ್ನೇ. ಮೀನ್ ಸಿಕ್ಕಿದ್ದೂವೆ ಅವನೊಬ್ನಿಗೇ."

ಬುತ್ತಿ ತಪಾಸಣೆ

ಲೈಸೆನ್ಸು ಎಂದರಲ್ಲ ಗೆಳೆಯರು, ಇಲ್ಲಿ ಗಾಳ ಹಾಕಲೂ ಅದು ಬೇಕು. ಅದನ್ನು ನೋಡಲು ಒಬ್ಬ ವನ್ಯಜೀವಿ ಅಧಿಕಾರಿ ಬರುತ್ತಾನೆ. ಹಸಿರು ಸಮವಸ್ತ್ರ, ತುಂಬ ಮರ್ಯಾದಸ್ಥ. ನನ್ನ ಕಾಗದ ನೋಡಿದ. ಐಸ್ ಪೆಟ್ಟಿಗೆ ತೆರೆಯಿರಿ ಎಂದ. ತೆರೆದೆ. ಬಿಸಿಬೇಳೆಬಾತು, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ.

"ಹಿಡಿದ ಮೀನೆಲ್ಲಿ?"

"ಇಲ್ಲ."

"ಎಷ್ಟು ಹೊತ್ತಿಂದ ಕೂತಿದ್ದೀರಿ?"

ನಾನು ಸುಳ್ಳು ಹೇಳುವವನಲ್ಲ. "ಮೂರು ವರ್ಷದಿಂದ" ಎಂದೆ.

ಅವನು ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. "ನಿಮ್ಮಂಥವರು ಇನ್ನಷ್ಟು ಜನ ಬರಬೇಕು ಸಾರ್. ನಮ್ಮ ಇಲಾಖೆ ಇರೋದೇ ಮೀನು ಉಳಿಸೋಕೆ."

ಕಡೆಯ ಶನಿವಾರ

ನವರಾತ್ರಿಗೆ ಮುಂಚಿನ ಕೊನೆಯ ಶನಿವಾರ ಬಂತು. ಅಂದು ಭಜನೆಗೆ ರಜೆ ಕೊಟ್ಟು ನನ್ನಾಕೆಯೂ ಹೊರಟಳು. ಕಾಫಿಯ ಫ್ಲಾಸ್ಕು, ಒಂದು ಡಬ್ಬಿ ನುಚ್ಚಿನುಂಡೆ, ಹಬ್ಬಕ್ಕೆ ಹೂಬತ್ತಿ ಹೊಸೆಯಲು ಹತ್ತಿ. ಕೋಲು ಹೊರುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಒಂದು ಸಲ ಸವರಿದೆ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಏನೂ ಇಲ್ಲ. ಗೆಳೆಯರು ಎರಡು ಸಲ ಜಾಗ ಬದಲಿಸಿದರು. ಬಕ ಎರಡು ಹಿಡಿದು ಹೋಯಿತು. ಅವಳು ಒಂದು ಹೂಬತ್ತಿಯನ್ನೂ ಕೆಡಿಸದೆ ಹೊಸೆಯುತ್ತಿದ್ದಳು. ಕಾಫಿ ಹೆಚ್ಚಾಗಿ ನನಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಅದಿರುವುದು ಪಾರ್ಕಿಂಗಿನ ಆ ತುದಿಯಲ್ಲಿ.

"ಕೋಲಿನ ಕಡೆ ಕಣ್ಣಿಟ್ಟಿರು, ಸಾಕು. ಏನೂ ಮಾಡಬೇಡ" ಎಂದು ಹೇಳಿ ಹೋದೆ.

ಕೈ ತೊಳೆಯುತ್ತಿದ್ದೆ. ದೂರದಲ್ಲಿ ಕೀಂ. ಕೀಂ ಕೀಂ ಕೀಂ. ಈ ಸಲ ಗುರುತು ಸಿಕ್ಕಿತು. ಒದ್ದೆ ಕೈಯಲ್ಲೇ ಓಡಿದೆ.

ಬಂದು ನೋಡಿದರೆ ಕೋಲು ಬಿಲ್ಲಿನ ಹಾಗೆ ಬಾಗಿದೆ. ಹಿಡಿದವಳು ಇವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಗೆಳೆಯರು ಮೊಣಕಾಲುದ್ದ ನೀರಿನಲ್ಲಿ ಕೈಬಲೆ ಹಿಡಿದು ನಿಂತಿದ್ದಾರೆ. "ಎಳೀಬ್ಯಾಡಿ ಅಕ್ಕಾರೆ, ಅದರ ಪಾಡಿಗೆ ಒಸಿ ಬುಡಿ. ಆಂ, ಈಗ ಸುತ್ತಿ."

"ಕೊಡು ಇಲ್ಲಿ" ಎಂದೆ.

"ಸುಮ್ನೆ ನಿಂತ್ಕೊಳ್ರೀ" ಎಂದಳು. ನಿಂತೆ.

ಬಲೆಗೆ ಬಂತು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ತೋಳಲ್ಲಿ ಎತ್ತಬೇಕಾದ ಗೆಂಡೆ, ಹಿತ್ತಾಳೆಯ ಬಣ್ಣ. ಗಾಳ ಬಿಡಿಸಿದಾಗ ತುಟಿಯಲ್ಲಿ ಅಕ್ಕಿಕಾಳಿನಷ್ಟು ಗಾಯ. ಇವಳು "ಅಯ್ಯೋ ಪಾಪ" ಎಂದು ಕೈಚೀಲದಿಂದ ಅರಿಶಿನದ ಭರಣಿ ತೆಗೆದು ಅದರ ತುಟಿಗೆ ಹಚ್ಚಿದಳು.

"ಕುಂಕುಮಾನೂ ಇಟ್ಬುಡಿ ಅಕ್ಕಾರೆ, ಮುತ್ತೈದೆ ಮೀನು" ಎಂದರು ಗೆಳೆಯರು. ಮೀನನ್ನು ನೀರಿಗೆ ಬಿಟ್ಟರು. ಅರಿಶಿನದ ಮೂತಿ ಒಂದು ಸಲ ಮಿಂಚಿ ಮುಳುಗಿತು.

"ಯಾವ ಎರೆ?" ಎಂದು ಕೇಳಿದೆ. ನನ್ನ ಉಂಡೆಗೇ ಕೊನೆಗೂ ಜಯವಾಯಿತು ಎಂಬ ಆಸೆ.

ಗೆಳೆಯರು ಕುರ್ಚಿಯ ಕೆಳಗೆ ಬಿದ್ದಿದ್ದ ನನ್ನ ಉಂಡೆಯನ್ನು ಕಲ್ಲಿಗೆ ಬಡಿದರು. ಟಣ್ ಎಂದಿತು. "ಇದನ್ನ ಯಾವ ಮೀನ್ ತಿಂದಾದು ಸ್ವಾಮಿ? ನೀವತ್ಲಾಗ್ ಹೋಗ್ತಿದ್ದಂಗೇ ಅಕ್ಕಾರು ಗಾಳ ಎಳ್ಕಂಡು ಒಂದ್ ತುಂಡು ನುಚ್ಚಿನುಂಡೆ ಚುಚ್ಚುದ್ರು. ಇಂಗಿನ ವಾಸ್ನೆಗೇ ಬಂತು."

ಅಷ್ಟರಲ್ಲಿ ಹಿಂದೆ ಹಸಿರು ಸಮವಸ್ತ್ರ. ನನ್ನ ಜೀವ ಹಾರಿಹೋಯಿತು. ಲೈಸೆನ್ಸು ಇರುವುದು ನನಗೆ, ಕೋಲು ಇರುವುದು ಅವಳ ಕೈಯಲ್ಲಿ. "ಇವಳು ಬರೀ ಹಿಡಿದುಕೊಂಡಿದ್ದಳು ಅಷ್ಟೇ" ಎಂದು ಶುರು ಮಾಡಿದೆ. ಅವಳು ಹೂಬತ್ತಿಯ ಚೀಲದೊಳಗೆ ಕೈ ಹಾಕಿ, ಮಡಿಸಿದ ಒಂದು ಕಾಗದ ತೆಗೆದು ಕೊಟ್ಟಳು. ಒಂದು ದಿನದ ಲೈಸೆನ್ಸು, ಅವಳದೇ ಹೆಸರಿನಲ್ಲಿ. ಅಧಿಕಾರಿ ಓದಿದ, ಅವಳಿಗೆ ಸೆಲ್ಯೂಟ್ ಹೊಡೆದ. ನನ್ನ ಕಡೆ ಮಾತ್ರ ತುಂಬ ಕರುಣೆಯಿಂದ ನೋಡಿದ.

ವಾಪಸು ಬರುವಾಗ ಗಾಳಿಯಂತ್ರಗಳ ಗುಡ್ಡದ ತನಕ ಕುತೂಹಲ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಅಲ್ಲ ಕಣೇ, ನಾನು ಸೋತರೆ ನಿನಗೇ ಅಲ್ವಾ ಲಾಭ? ಮೂಲೆ ನಿನ್ನ ಗೊಂಬೆಗೆ ಸಿಗ್ತಿತ್ತು. ಯಾರಿಗೂ ಹೇಳದೆ ಲೈಸೆನ್ಸು ಮಾಡಿಸಿ ಬಂದು ನನ್ನ ಗೆಲ್ಲಿಸಿದೆಯಲ್ಲ, ಯಾಕೆ?"

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಷರತ್ತು ಬಾಯಿಗೆ ಬಂತು, ಹಾಕಿಬಿಟ್ಟೆ. ಆಮೇಲೆ ಯೋಚನೆ ಹತ್ತಿತು. ಕೋಲು ಹೋದ್ರೆ ಪ್ರತಿ ಶನಿವಾರ ನೀವೂ ಮನೇಲೇ. ಭಜನೆ ನಡುವೆ ಚಿಪ್ಪಿನ ಕತೆ ಹೇಳ್ತಾ."

ಹಿಂದಿನ ಸೀಟಿನಲ್ಲಿ ಗೆಳೆಯರು ಕೆಮ್ಮಿದರು.

"ಗೊಂಬೆಗಳಾದ್ರೆ ಮಂಚದ ಕೆಳಗೆ ಸುಮ್ನೆ ಬಿದ್ದಿರ್ತಾವೆ" ಎಂದಳು. "ನಿಮ್ಮನ್ನ ಎಲ್ಲಿಡ್ಲಿ?"