ಅಧ್ಯಕ್ಷರ ಬೆಂಚು

ಅಣ್ಣ ರಾಮಯ್ಯ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಚಿಕ್ಕಹನುಮಯ್ಯನವರಿಗೆ ತಮ್ಮ ಹೊಟ್ಟೆಯ ಪ್ರತಿ ಗುಡುಗುಡುವೂ ಯಮನ ಕೋಣದ ಹೆಜ್ಜೆಯಂತೆ ಕೇಳಿಸತೊಡಗಿತು. (ಬಹುಪಾಲು ಅದು ಹಿಂದಿನ ದಿನದ ಅವರೆಕಾಳು ಸಾರಿನ ಮಹಿಮೆ.)

ಡಾಕ್ಟರ್ ಚೇತನಾ ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಸದ್ಯಕ್ಕೆ ಏನೂ ಇಲ್ಲ. ಆದ್ರೆ ಅಣ್ಣನಿಗೆ ಬಂದಿತ್ತಲ್ಲ, ಹುಷಾರಾಗಿರ್ಬೇಕು. ಹೇಳಿದಾಗ ಟೆಸ್ಟಿಗೆ ಬನ್ನಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ" ಎಂದರು.

"ನಡೆದ್ರೆ ಬರಲ್ವಾ ಮೇಡಂ?"

"ಗ್ಯಾರಂಟಿ ಯಾರೂ ಕೊಡಲ್ಲ. ಬರೋ ಸಾಧ್ಯತೆ ಕಡಿಮೆ ಆಗುತ್ತೆ."

ಬೇರೆಯವರಾಗಿದ್ದರೆ ಒಂದು ಜೊತೆ ಶೂ ಕೊಂಡು ನಡೆದುಬಿಡುತ್ತಿದ್ದರು. ಚಿಕ್ಕಹನುಮಯ್ಯ ಸಂಘ ಕಟ್ಟಿದರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರಿಗೆ ಠರಾವಿಲ್ಲದೆ ಕಾಲೆತ್ತುವುದು ಕ್ರಮಬದ್ಧವೆನಿಸಲಿಲ್ಲ.

'ವಿಜಯನಗರ ಪ್ರಾತಃಕಾಲ ವಾಯುವಿಹಾರಿಗಳ ಆರೋಗ್ಯ ಸಂರಕ್ಷಣಾ ಸಂಘ'ಕ್ಕೆ ಅವರೇ ಅಧ್ಯಕ್ಷರು. ಹಿಂದಿನ ಬೀದಿಯ ಅಮೀನಪ್ಪ ಕಾರ್ಯದರ್ಶಿ. ಅಣ್ಣನ ನೆನಪಿಗೆ ಪಾರ್ಕಿಗೊಂದು ಕಲ್ಲುಬೆಂಚು ಕೊಟ್ಟ ಅಧ್ಯಕ್ಷರು, ದಿನವೂ ಬೆಳಿಗ್ಗೆ ಆರಕ್ಕೆ ಅದರ ಮೇಲೆ ವಿರಾಜಮಾನರಾಗಿ, ವ್ಯಾಯಾಮದಿಂದ ಕ್ಯಾನ್ಸರನ್ನು ದೂರವಿಡುವ ಬಗೆಯನ್ನು ಉಪದೇಶಿಸುತ್ತಿದ್ದರು. ಸದಸ್ಯರು ಸುತ್ತಿಗೊಂದು ವಾಕ್ಯದಂತೆ ಕೇಳಿಸಿಕೊಳ್ಳುತ್ತಿದ್ದರು. ಕೆಲವರು ಆ ವಾಕ್ಯವನ್ನೂ ತಪ್ಪಿಸಿಕೊಳ್ಳಲೆಂದೇ ಓಡುವುದನ್ನು ಕಲಿತರು.

ಹೆಂಡತಿ ಲಿಂಗಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ದಿನಕ್ಕೆ ಎಂಟು ಸುತ್ತು ಹೊಡೆಯುತ್ತಿದ್ದಳು.

"ರೀ, ಏಳ್ರೀ. ಒಂದು ಸುತ್ತಾದ್ರೂ ಬನ್ನಿ."

"ಇವತ್ತು ಕಾರ್ಯಕಾರಿ ಸಮಿತಿ ಇದೆ ಕಣೇ. ನಾಳೆಯಿಂದ ಗ್ಯಾರಂಟಿ."

"ಭಾವನೋರೂ ಹಿಂಗೇ ನಾಳೆ ನಾಳೆ ಅಂತಿದ್ರು."

ಅಷ್ಟು ಹೇಳಿ ಅವಳು ಮುಖ ತಿರುಗಿಸಿಕೊಂಡು ಹೋದಳು. ಚಿಕ್ಕಹನುಮಯ್ಯನವರ ಹೊಟ್ಟೆ ಗುಡುಗುಟ್ಟಿತು. ಒಂದು ಕ್ಷಣ ಆಸ್ಪತ್ರೆಯ ಮಂಚದ ಮೇಲೆ ಕಡ್ಡಿಯಂತಾಗಿದ್ದ ಅಣ್ಣನ ಕಾಲುಗಳು ಕಣ್ಣ ಮುಂದೆ ಬಂದವು. ಅವರು ಸಭೆಯ ನಡಾವಳಿಗೆ ಸಹಿ ಹಾಕಿದರು.

ಹೀಗೆ ಒಂದು ವರ್ಷ ಕಳೆಯಿತು. ವಾರ್ಷಿಕೋತ್ಸವದ ದಿನ ಅಧ್ಯಕ್ಷರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಜೊತೆಗೆ ಅಮೀನಪ್ಪ ಗುಟ್ಟಾಗಿ ಮಾಡಿಸಿದ್ದ ಕಾಣಿಕೆಯೊಂದು ಅಣ್ಣನ ಬೆಂಚಿನ ಎದುರಿಗೇ ಹಳದಿ ಬಟ್ಟೆ ಹೊದ್ದು ಕೂತಿತ್ತು. ಚಪ್ಪಾಳೆಯ ನಡುವೆ ಚಿಕ್ಕಹನುಮಯ್ಯ ತಾವೇ ಬಟ್ಟೆ ಸರಿಸಿದರು. ಹೊಸ ಕಲ್ಲುಬೆಂಚು. ಬೆನ್ನಿನ ಮೇಲೆ ಸೊಗಸಾಗಿ ಕೆತ್ತಿತ್ತು:

'ದಿವಂಗತ ಚಿಕ್ಕಹನುಮಯ್ಯನವರ ಸ್ಮರಣಾರ್ಥ.'

ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಒಂದೊಂದಾಗಿ ನಿಂತಿತು.

"ಸಾರ್... ಕಲ್ಲು ಕೆತ್ತೋನಿಗೆ, ಆ ಬೆಂಚಲ್ಲಿ ಇರೋ ಹಂಗೇ ಕೆತ್ತಪ್ಪ, ಹೆಸರು ಮಾತ್ರ ಬದಲಾಯ್ಸು ಅಂದಿದ್ದೆ," ಅಮೀನಪ್ಪ ತೊದಲಿದರು. "ಉಜ್ಜಿ ಅಳಿಸಿಬಿಡ್ತೀನಿ ಸಾರ್."

"ಅಳಿಸಬೇಡಿ ಅಮೀನಪ್ಪನೋರೇ," ಎಂದಳು ಲಿಂಗಮ್ಮ. "ಇವ್ರು ಹಿಂಗೇ ಕೂತಿದ್ರೆ, ಇನ್ನೊಂದ್ಸಲ ಕೆತ್ತಿಸೋ ತಾಪತ್ರಯ ಇರಲ್ಲ."

ಯಾರೂ ನಗಲಿಲ್ಲ. ಚಿಕ್ಕಹನುಮಯ್ಯ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು, ಶಾಲು ಹೊದ್ದುಕೊಂಡೇ ನಡೆಯಲು ಶುರುಮಾಡಿದರು. ಒಂದನೇ ಸುತ್ತಿಗೆ ಏದುಸಿರು ಬಂತು. ಅಷ್ಟರಲ್ಲಿ ಲಿಂಗಮ್ಮ ಅವರನ್ನು ಎರಡು ಸಲ ಹಿಂದೆ ಹಾಕಿದ್ದಳು. ಎರಡನೇ ಸುತ್ತಿಗೆ ಮೊಣಕಾಲು ಗೋಗರೆಯಿತು. ಕೂತುಬಿಡೋಣ ಎಂದು ಸುತ್ತ ನೋಡಿದರು. ಇಡೀ ಪಾರ್ಕಿನಲ್ಲಿ ಖಾಲಿ ಇದ್ದುದು ಎರಡೇ ಬೆಂಚು. ಒಂದು ಅಣ್ಣನದು, ಇನ್ನೊಂದು ತಮ್ಮದು.

ಅಧ್ಯಕ್ಷರು ಮೂರನೇ ಸುತ್ತಿಗೆ ಹೊರಟರು.