ಆನಂದ ಪ್ರಾಧಿಕಾರದ ಮೊದಲ ಸಂಗೀತ ಕಛೇರಿ

ರಜಬ್ ತಿಂಗಳ ಮೊದಲ ದಿನದಿಂದ ಜಾರಿಗೆ ಬರುವಂತೆ, ಸಂಗೀತವು ಪಾಪವಲ್ಲ, ಪರಂಪರೆ ಎಂದು ದೊರೆಗಳು ಅಪ್ಪಣೆ ಹೊರಡಿಸಿದರು. ಅದರಂತೆ ನುಖೈರ ಪಟ್ಟಣದ ದುರಾಚಾರ ನಿಗ್ರಹ ಸಮಿತಿಯು ಆನಂದ ಪ್ರಾಧಿಕಾರವಾಯಿತು. ಕಟ್ಟಡ ಅದೇ, ಜೀಪು ಅದೇ, ಬೆತ್ತವೂ ಅದೇ. ಅಷ್ಟು ವರ್ಷ ಗೋಡೆಗೆ ಕಿವಿಯಿಟ್ಟು ಹಾಡುವವರನ್ನು ಹಿಡಿಯುತ್ತಿದ್ದ ಇನ್‌ಸ್ಪೆಕ್ಟರ್ ಮುತ್ಲಕ್ ಸಾಹೇಬರಿಗೆ ಈಗ ಹಾಡದವರನ್ನು ಹಿಡಿಯುವ ಕೆಲಸ. ಅವರ ಕಿವಿಯ ಅನುಭವ ವ್ಯರ್ಥವಾಗಬಾರದೆಂದು ಬಡ್ತಿಯನ್ನೂ ಕೊಟ್ಟರು.

ಸಾಹೇಬರು ಮೊದಲು ಬಂದದ್ದು ಮುದುಕ ದಖೀಲನ ಮನೆಗೆ. ವಿಳಾಸ ಕೇಳಬೇಕಾಗಿರಲಿಲ್ಲ. ದಖೀಲನ ಅಪ್ಪನ ಕಾಲದ ಊದ್ ಎಂಬ ತಂತಿವಾದ್ಯವನ್ನು, ಸುತ್ತಿದ್ದ ಕಂಬಳಿ ಸಮೇತ, ಹಿಂದೊಮ್ಮೆ ಎತ್ತಿಕೊಂಡು ಹೋದವರು ಇವರೇ. ಅಂದಿನಿಂದ ಮುದುಕ ಬೇರೆ ವಾದ್ಯ ಮುಟ್ಟಿರಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು ಅನ್ನುವುದಷ್ಟೇ ಅವನ ಆಸೆ. ಪಾಪ, ದೊಡ್ಡ ಆಸೆಯೇನಲ್ಲ.

ಸಾಹೇಬರು ಖರ್ಜೂರ ತಿಂದು, ಕಾವಾ ಕಾಫಿ ಕುಡಿದು, ಬಂದ ವಿಷಯ ತಿಳಿಸಿದರು. ಗುರುವಾರ ರಾತ್ರಿ ಇಶಾ ನಮಾಜಿನ ನಂತರ ಪಟ್ಟಣದ ಮೊದಲ ಸಂಗೀತ ಕಛೇರಿ. ನಾಗರಿಕರು ಸಂತೋಷಪಡತಕ್ಕದ್ದು. ದಖೀಲನು ನುಡಿಸತಕ್ಕದ್ದು. ತಪ್ಪಿದಲ್ಲಿ ಪರಂಪರೆಗೆ ಅಗೌರವ ತೋರಿದ ಅಪರಾಧಕ್ಕೆ ಜೈಲು.

"ನುಡಿಸ್ತೀನಿ ಸಾಹೇಬ್ರೇ, ಯಾಕೆ ನುಡಿಸಲ್ಲ," ಎಂದ ದಖೀಲ. "ನನ್ನ ಊದ್ ನಿಮ್ಮ ಹತ್ರಾನೇ ಇದೆಯಲ್ಲ, ಕೊಟ್ಟುಬಿಡಿ."

"ಅದು ಭದ್ರವಾಗಿದೆ ಚಿಕ್ಕಪ್ಪಾ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ದೀವಿ. ಪರಂಪರೆ ಅಲ್ವಾ, ಯಾರೂ ಮುಟ್ಟೋ ಹಾಗಿಲ್ಲ."

"ನಾನೂ?"

"ನೀವಂತೂ ಮುಟ್ಟಲೇಬಾರದು. ಅದನ್ನ ನುಡಿಸಿ ಸಿಕ್ಕಿಬಿದ್ದೋರು ನೀವೇ. ಆ ಕೇಸು ಇನ್ನೂ ಮುಗಿದಿಲ್ಲ."

ಬೇರೆ ಊದ್ ತರಿಸೋಣವೆಂದರೆ, ವಾದ್ಯ ಮಾರಲು ಪರವಾನಗಿ ಕೊಡುವ ಅಧಿಕಾರ ಇನ್ನೂ ಹಿರಿಯ ಧರ್ಮಪಂಡಿತರ ಮಂಡಳಿಯ ಕೈಯಲ್ಲೇ ಇತ್ತು. ಮಂಡಳಿಯವರೇನು ಕಟುಕರಲ್ಲ. ದೊರೆಗಳ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು, ಸದ್ದಾಗದಿದ್ದರೆ ಕಛೇರಿಗೆ ತಮ್ಮ ಆಕ್ಷೇಪಣೆ ಇಲ್ಲವೆಂದು ಉದಾರವಾಗಿ ತಿಳಿಸಿದರು.

ಗುರುವಾರ ಗಂಡಸರು ಎಡಕ್ಕೂ ಹೆಂಗಸರು ಬಲಕ್ಕೂ ಕೂತರು, ನಡುವೆ ಪರದೆ. ವೇದಿಕೆಯ ಮೇಲೆ ದಖೀಲನ ಕುರ್ಚಿ, ಅದರ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗಾಜಿನ ಪೆಟ್ಟಿಗೆ. ಅಪ್ಪನ ಬೆರಳು ಸವೆಸಿದ ಗುರುತು ಕೂಡ ಕಾಣುತ್ತಿತ್ತು. ದಖೀಲನಿಗೆ ಅಳು ಬಂತು. ಕಣ್ಣೊರೆಸಿಕೊಂಡು, ಇಲ್ಲದ ಊದನ್ನು ಎದೆಗೆ ಅಪ್ಪಿಕೊಂಡು ಬರಿಗೈಯಲ್ಲೇ ನುಡಿಸಲು ಶುರುಮಾಡಿದ. ಬೆರಳುಗಳು ಒಂದು ಸ್ವರವನ್ನೂ ಮರೆತಿರಲಿಲ್ಲ. ಜನ ತಲೆದೂಗಿದರು, ತೂಗದವರನ್ನು ಸಾಹೇಬರು ಬೆತ್ತದ ತುದಿಯಿಂದ ನೆನಪಿಸಿದರು. ಪರದೆಯ ಆಚೆ ಒಬ್ಬಳು ಬಿಕ್ಕಿ ಅತ್ತಳು, ಅದನ್ನು ಸಂತೋಷಕ್ಕೆ ಜಮೆ ಮಾಡಲಾಯಿತು.

ಕಡೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ವಾದ್ಯದ ಸದ್ದು ಕೇಳಿಸಲಿಲ್ಲವೆಂದು ಮಂಡಳಿಗೆ ಸಮಾಧಾನ, ಕಛೇರಿ ನಡೆಯಿತೆಂದು ರಾಜಧಾನಿಗೆ ಸಮಾಧಾನ. ಪ್ರತಿ ಗುರುವಾರವೂ ಹೀಗೇ ನಡೆಸುವುದೆಂದು ಅಲ್ಲೇ ತೀರ್ಮಾನವಾಯಿತು.

ಮುತ್ಲಕ್ ಸಾಹೇಬರು ಮಾತ್ರ ವೇದಿಕೆ ಹತ್ತಿ ಮೆಲ್ಲಗೆ ಹೇಳಿದರು: "ಚೆನ್ನಾಗಿತ್ತು ಚಿಕ್ಕಪ್ಪಾ. ಆದ್ರೆ ಮೂರನೇ ತಂತಿ ಸ್ವಲ್ಪ ಸಡಿಲ ಇತ್ತು."

ದಖೀಲ ಗಾಜಿನ ಪೆಟ್ಟಿಗೆಯನ್ನೊಮ್ಮೆ ನೋಡಿದ. ಆಮೇಲೆ ಕ್ಷಮೆ ಕೇಳಿ, ಎಡಗೈ ಎತ್ತಿ ಗಾಳಿಯಲ್ಲಿ ಬಿರಡೆ ತಿರುಗಿಸಿ, ಬಲಗೈಯಿಂದ ಒಮ್ಮೆ ಮೀಟಿದ.

ಸಾಹೇಬರು ಕಿವಿಗೊಟ್ಟು ಕೇಳಿ, "ಹಾಂ, ಈಗ ಸರಿಹೋಯ್ತು," ಎಂದರು.